ಕಾಪುವಿನಲ್ಲಿ ನಾನು ಹೇಳಿಕೊಟ್ಟ ಪದ

ಮೈಸೂರಿನಿಂದ ಹೊರಟ ಬಸ್ಸು ಉಡುಪಿ ತಲುಪಿದಾಗ ಬೆಳಿಗ್ಗೆ ಆರೂಮುಕ್ಕಾಲು. ಏಪ್ರಿಲ್ ಕೊನೆಯ ವಾರ. ಅಷ್ಟು ಹೊತ್ತಿಗೇ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟೇಪ್ ರೆಕಾರ್ಡರ್, ಖಾಲಿ ಕ್ಯಾಸೆಟ್ಟುಗಳು, ಒಂದು ಸ್ಟಾಪ್ ವಾಚ್ ಇದ್ದವು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು ಚಹ ಕುಡಿದೆ. ಎಂಟು ರೂಪಾಯಿ ಕೊಟ್ಟೆ ಎಂದು ಟಿಪ್ಪಣಿ ಪುಸ್ತಕದಲ್ಲಿದೆ. ನೆನಪಿನಲ್ಲಿ ಅದು ಬನ್ಸ್ ಅಲ್ಲ, ಗೋಳಿಬಜೆ. ಇನ್ನು ಮುಂದೆಯೂ ಹೀಗೆ ಎರಡೂ ಜಗಳವಾಡಿದ ಕಡೆ ನಾನು ಪುಸ್ತಕವನ್ನೇ ನಂಬುತ್ತೇನೆ. ಆದರೆ ಅದನ್ನು ಬರೆದವನೂ ನಾನೇ ಎಂಬುದು ಅಷ್ಟೇನೂ ಸಮಾಧಾನ ಕೊಡುವುದಿಲ್ಲ.

ನಾನು ಹೋದದ್ದು ಸಂಶೋಧನೆಗೆ. ಮನೆಯಲ್ಲಿ ಒಂದು ಭಾಷೆ ಆಡುತ್ತ ಇನ್ನೊಂದರಲ್ಲಿ ಬರೆಯುವವರು, ಬರೆಯುತ್ತಿರುವ ಹೊತ್ತಿನಲ್ಲೇ ಏನು ಮಾಡುತ್ತಾರೆ ಎಂಬುದು ನನ್ನ ವಿಷಯ. ಬರೆದು ಮುಗಿದ ಪುಟದಲ್ಲಿ ತಪ್ಪು ಹುಡುಕುವುದು ಯಾವ ಮೇಷ್ಟರಿಗಾದರೂ ಬರುತ್ತದೆ. ಪೆನ್ನು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಮತ್ತೆ ಹೇಗೆ ಹೊರಟಿತು ಎಂಬುದು ಪುಟದಲ್ಲಿ ಕಾಣುವುದಿಲ್ಲ. ಪಕ್ಕದಲ್ಲಿ ಕೂತು ನೋಡಬೇಕು. ಉಡುಪಿಯ ಕಡೆ ಮನೆಮಾತು ತುಳು, ಬರವಣಿಗೆ ಕನ್ನಡ. ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದುಕೊಂಡಿದ್ದೆ. ಬರೆಯುವವರು ಮನಸ್ಸಿಗೆ ಬಂದದ್ದನ್ನೆಲ್ಲ ಯಾವ ಭಾಷೆಯಲ್ಲಿ ಬಂತೋ ಅದರಲ್ಲೇ ಗಟ್ಟಿಯಾಗಿ ಆಡುತ್ತ ಬರೆಯಬೇಕು, ನಾನು ಟೇಪು ಹಾಕಿ ನಿಲುಗಡೆಗಳನ್ನು ಗುರುತಿಸಬೇಕು. ನನಗಿದ್ದ ನಿಯಮ ಒಂದೇ: ನಾನು ಬಾಯಿ ತೆರೆಯಬಾರದು.

ಮಣಿಪಾಲದಲ್ಲಿ ಗೆಳೆಯ ಹರೀಶ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಉಡುಪಿಯಿಂದ ಐದು ಕಿಲೋಮೀಟರಿನ ಏರು ರಸ್ತೆ, ಬಸ್ಸಿನ ತುಂಬ ದೇಶದ ಎಲ್ಲ ಮೂಲೆಗಳ ಹುಡುಗ ಹುಡುಗಿಯರು. ಬರೆಯುವವರನ್ನು ಗೊತ್ತುಮಾಡಿದವನು ಅವನೇ. ಮೊದಲ ದಿನ ಅವನ ಮನೆಯಲ್ಲೇ ಇಬ್ಬರು ಬಂದು ಬರೆದರು. ಇಬ್ಬರಿಗೂ ಗಟ್ಟಿಯಾಗಿ ಯೋಚಿಸಲು ನಾಚಿಕೆಯಾಯಿತು. ಒಬ್ಬರಂತೂ, "ಒಬ್ಬನೇ ಮಾತಾಡಿದ್ರೆ ಜನ ಎಂತ ಹೇಳ್ತಾರೆ ಸಾರ್, ಇಲ್ಲೇ ಆಸ್ಪತ್ರೆ ಬೇರೆ ಉಂಟು," ಎಂದರು. ಟೇಪಿನಲ್ಲಿ ಫ್ಯಾನಿನ ಸದ್ದೇ ಹೆಚ್ಚು.

"ನಾಳೆ ಕಾಪುವಿಗೆ ಹೋಗು ಮಾರಾಯ," ಎಂದ ಹರೀಶ. "ಸುಮತಿಯಕ್ಕ ಅಂತ ಇದ್ದಾರೆ, ನಮ್ಮ ತಾಯಿಯ ಕಡೆಯವರು. ಬೀಡಿ ಕಟ್ಟುತ್ತಾರೆ. ಕಾಗದ ಬರೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ."

ಉಡುಪಿಯಿಂದ ಕಾಪುವಿಗೆ ಹದಿಮೂರು ಕಿಲೋಮೀಟರು. ಹೆದ್ದಾರಿಯಲ್ಲಿ ಇಳಿದು ದೀಪಸ್ತಂಭದ ಕಡೆಗೆ ಹೋಗುವ ದಾರಿಯಲ್ಲಿ ನಡೆದೆ. ಸುಮತಿಯವರದು ಹಂಚಿನ ಸಣ್ಣ ಮನೆ. ಗಂಡ ತೀರಿಹೋಗಿ ಆರು ವರ್ಷ. ಮಗಳು ಪ್ರತಿಮಾ ಹತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದಳು. ನಾನು ಹೋದಾಗ ಅವಳು ಮನೆಯಲ್ಲಿರಲಿಲ್ಲ. ಜಗಲಿಯಲ್ಲಿ ಮೊರದ ತುಂಬ ಬೀಡಿ ಎಲೆ, ತಂಬಾಕಿನ ಘಾಟು.

"ಸುಮ್ಮನೆ ಬರೆಯುವುದು ಎಂತಕ್ಕೆ? ಬೊಂಬಾಯಿಯಲ್ಲಿ ಅಕ್ಕ ಉಂಟಲ್ಲ, ಅವಳಿಗೆ ಹೇಗೂ ಬರೆಯಲಿಕ್ಕೆ ಉಂಟು. ಅದನ್ನೇ ಬರೆಯುತ್ತೇನೆ," ಎಂದರು.

ಫೋನು ಮಾಡುವುದಿಲ್ಲವೇ ಎಂದು ಕೇಳಿದೆ.

"ಫೋನಿನಲ್ಲಿ ತುಳು ಅಲ್ವಾ. ಎರಡು ಮಾತಿಗೆ ಅಕ್ಕ ಅಳುತ್ತಾಳೆ, ನಾನೂ ಅಳುತ್ತೇನೆ, ಬಿಲ್ಲು ಓಡುತ್ತದೆ. ಕನ್ನಡದಲ್ಲಿ ಆದರೆ ಸರಿಯಾಗಿ ಹೇಳಬಹುದು."

ಅಕ್ಕತಂಗಿಯರು ಹುಟ್ಟಿದಾಗಿನಿಂದ ಪರಸ್ಪರ ಒಂದು ಮಾತನ್ನೂ ಕನ್ನಡದಲ್ಲಿ ಆಡಿದವರಲ್ಲ. ಕಾಗದ ಮಾತ್ರ ಕನ್ನಡ. ಬಂದ ಕಾಗದವನ್ನಾಗಲಿ ಹೋಗುವ ಕಾಗದವನ್ನಾಗಲಿ ಮನೆಯವರಿಗೆ ಓದಿ ಹೇಳುವುದು ಮತ್ತೆ ತುಳುವಿನಲ್ಲಿ, ಕಣ್ಣು ಕನ್ನಡದ ಸಾಲಿನ ಮೇಲೆ ಇರುವಂತೆಯೇ. ಆ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ರೂಢಿ ಎಂದು ಆಮೇಲೆ ತಿಳಿಯಿತು. ನನಗಂತೂ ಆ ಕ್ಷಣ ಸಂಶೋಧನೆಯೇ ಎದುರು ಬಂದು ಚಾಪೆಯ ಮೇಲೆ ಕೂತಂತೆ ಕಂಡಿತು.

ಇನ್‌ಲ್ಯಾಂಡ್ ಕಾಗದ ಬಿಡಿಸಿ ಸುಮತಿ ಬರೆಯತೊಡಗಿದರು. ಕ್ಷೇಮ ಸಮಾಚಾರದ ಸಾಲುಗಳು ಎಲ್ಲೂ ನಿಲ್ಲದೆ ಬಂದವು. ಬಿಸಿಲು, ಪಕ್ಕದ ಮನೆಯ ಮದುವೆ, ಮೀನಿನ ದರ ಎಲ್ಲವೂ ಸರಾಗ. ಬಾಯಲ್ಲಿ ತುಳು ಗೊಣಗಾಟ, ಕೈಯಲ್ಲಿ ಅಚ್ಚುಕಟ್ಟಾದ ಕನ್ನಡ. ನನಗೆ ತುಳು ಬಾರದು. ನಾನು ಅಕ್ಷರಗಳನ್ನಷ್ಟೇ ನೋಡುತ್ತಿದ್ದೆ. ಆಮೇಲೆ ಈ ಸಾಲು ಬಂತು: 'ಪ್ರತಿಮಾಳನ್ನು ಈ ಜೂನಿನಲ್ಲಿ ನಿಮ್ಮಲ್ಲಿಗೆ'. ಅಲ್ಲಿ ಪೆನ್ನು ನಿಂತಿತು.

ನಾಲ್ಕು ನಿಮಿಷ ಎಂದು ಪುಸ್ತಕದಲ್ಲಿದೆ. ನೆನಪಿನಲ್ಲಿ ಅದು ಅರ್ಧ ಗಂಟೆ. ಗೊಣಗಾಟ ನಿಲ್ಲಲಿಲ್ಲ, ಒಮ್ಮೆ ಏರಿತು, ಒಮ್ಮೆ ಇಳಿಯಿತು. ಪೆನ್ನು ಕಾಗದದ ಮೇಲೆ ಬಂದು ಮತ್ತೆ ಹಿಂದೆ ಹೋಯಿತು. ವಾಕ್ಯಕ್ಕೆ ಬೇಕಿದ್ದದ್ದು ಒಂದು ಕ್ರಿಯಾಪದ. ತುಳುವಿನಲ್ಲಿ ಇರುವುದು ಕನ್ನಡದಲ್ಲಿ ಸಿಗುತ್ತಿಲ್ಲ ಎಂದು ನನಗೆ ಖಾತ್ರಿಯಾಯಿತು. ಹದಿನೈದು ವರ್ಷ ತರಗತಿಯಲ್ಲಿ ತಡವರಿಸಿದ ಮಕ್ಕಳಿಗೆ ಮುಂದಿನ ಪದ ಹೇಳಿಕೊಟ್ಟ ಬಾಯಿ ನನ್ನದು. ಅದು ತಾನಾಗಿ ತೆರೆಯಿತು.

"ಕಳುಹಿಸುತ್ತೇನೆ," ಎಂದೆ.

ಸುಮತಿ ನನ್ನ ಮುಖ ನೋಡಿದರು. ಎಷ್ಟು ಹೊತ್ತು ನೋಡಿದರೆಂಬುದನ್ನು ನಾನು ಗುರುತು ಹಾಕಿಲ್ಲ. ಆಮೇಲೆ ಬಗ್ಗಿ ಆ ಪದವನ್ನು ಬರೆದರು. ಉಳಿದ ಕಾಗದ ಎರಡು ನಿಮಿಷದಲ್ಲಿ ಮುಗಿಯಿತು. ಒಂದು ಬೊಂಡ, ಅಂದರೆ ಎಳನೀರು, ಕೆತ್ತಿಕೊಟ್ಟರು. ಕುಡಿದು ಉಡುಪಿಗೆ ಮರಳಿದೆ. ನಿಯಮ ಮುರಿದೆನಲ್ಲ ಎಂಬ ಸಣ್ಣ ಬೇಸರ ಬಿಟ್ಟರೆ ಆ ದಿನ ಖುಷಿಯಾಗಿಯೇ ಇದ್ದೆ.

ಮರುದಿನ ಕಾರ್ಕಳ. ಉಡುಪಿಯಿಂದ ಒಂದೂಕಾಲು ಗಂಟೆ, ಹನ್ನೆರಡು ರೂಪಾಯಿ. ಊರು ಹತ್ತಿರವಾದಂತೆ ಕರಿಬಂಡೆಗಳ ಕಾವು ಕಿಟಕಿಯಿಂದ ಒಳಗೆ ಬಂತು. ಅಲ್ಲಿ ರಘುರಾಮ ಮಾಸ್ತರರೆಂಬ ನಿವೃತ್ತ ಉಪಾಧ್ಯಾಯರು ಬರೆಯಬೇಕಿತ್ತು. ಒಂದು ಕಡೆಯೂ ನಿಲ್ಲದೆ ಮೂರು ಪುಟ ಬರೆದರು. ಕೊನೆಗೆ, "ಇದು ನನ್ನ ಸ್ವಾತಂತ್ರ್ಯ ದಿನದ ಭಾಷಣ, ಮೂವತ್ತು ವರ್ಷದಿಂದ ಬಾಯಿಪಾಠ," ಎಂದು ನಕ್ಕರು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ. ಊಟವಾದ ಮೇಲೆ ಕಾಪುವಿನ ಟೇಪು ಹಾಕಿ, ತುಳುವಿನ ಭಾಗದ ಅರ್ಥ ಹೇಳಿ ಎಂದು ಕೇಳಿಕೊಂಡೆ. ಮಾಸ್ತರರು ಮೊದಲು ತಮಾಷೆಯಾಗಿ ಹೇಳುತ್ತ ಹೋದರು. ನಿಲುಗಡೆಯ ಜಾಗಕ್ಕೆ ಬಂದಾಗ ಟೇಪು ನಿಲ್ಲಿಸಿದರು. ಇನ್ನೊಮ್ಮೆ ಹಾಕಲು ಹೇಳಿದರು.

"ಇವಳು ಶಬ್ದ ಹುಡುಕುತ್ತಾ ಇಲ್ಲ ಮಾರಾಯ್ರೇ," ಎಂದರು. "ಮಗಳನ್ನು ಕಳಿಸಬೇಕಾ ಬೇಡವಾ ಅಂತ ತನ್ನ ಹತ್ತಿರವೇ ಜಗಳ ಮಾಡುತ್ತಿದ್ದಾಳೆ. ಅಕ್ಕನಿಗೆ ಮಕ್ಕಳಿಲ್ಲವಂತೆ, ಅಲ್ಲಿಯೇ ಇಟ್ಟು ಓದಿಸುತ್ತಾಳಂತೆ. ಹೋದವಳು ಮತ್ತೆ ಅವರ ಮಗಳೇ ಆಗಿಬಿಡುತ್ತಾಳೆ ಅಂತ ಇವಳಿಗೆ ಹೆದರಿಕೆ. ಕಳಿಸುವುದಿಲ್ಲ ಅಂತ ಬರೆಯುತ್ತೇನೆ ಅನ್ನುತ್ತಾಳೆ, ಪಾಪ ಅಕ್ಕ ಅನ್ನುತ್ತಾಳೆ. ಅಷ್ಟರಲ್ಲಿ ನಿಮ್ಮ ಸ್ವರ ಬಂತು ನೋಡಿ. ನೀವು ಎಂತ, ಜಡ್ಜರಾ?"

ಕಾರ್ಕಳದಲ್ಲಿ ಇನ್ನಿಬ್ಬರು ಬರೆಯುವವರಿದ್ದರು. ಅವರನ್ನು ಬಿಟ್ಟು ಬೆಳ್ಮಣ್ಣಿನ ದಾರಿಯಾಗಿ ಪಡುಬಿದ್ರಿಯ ಬಸ್ಸು ಹತ್ತಿದೆ. ಅಲ್ಲಿ ಬಸ್ಸು ಬದಲಿಸಿ ಕಾಪುವಿನಲ್ಲಿ ಇಳಿದಾಗ ನಾಲ್ಕು ಗಂಟೆ. ದಾರಿಯುದ್ದಕ್ಕೂ ಕಾಗದ ಅಂಚೆಗೆ ಬಿದ್ದಿರಬಾರದೆಂದು ಬಯಸುತ್ತಿದ್ದೆ. ಬಿದ್ದಿದ್ದರೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಬೀಳದಿದ್ದರೂ ಏನು ಹೇಳುವುದೆಂದು ಗೊತ್ತಿರಲಿಲ್ಲ.

ಕಾಗದ ದೇವರ ಪಟದ ಹಿಂದೆ ಇತ್ತು. ಮರುದಿನ ಬೀಡಿ ಕೊಡಲು ಹೋಗುವಾಗ ಅಂಚೆಗೆ ಹಾಕುವವರಿದ್ದರು. ನಾನು ನಿಂತೇ ಹೇಳಿದೆ: "ಆ ಪದ ನನ್ನದು, ನಿಮ್ಮದಲ್ಲ. ನಾನು ಹೇಳಬಾರದಿತ್ತು."

"ನೀವು ಮೇಷ್ಟ್ರು," ಎಂದರು ಸುಮತಿ. "ಹೇಳಿದ ಮೇಲೆ ಹಾಗೆಯೇ ಇರಬೇಕು ಅಂತ ಬರೆದೆ. ಮತ್ತೆ ನನಗೂ ಯೋಚನೆ ಮಾಡಿ ಸಾಕಾಗಿತ್ತು."

"ಹಾಗಾದರೆ ಕಳಿಸುವುದಿಲ್ಲ ಅಂತ ಬರೆಯಬೇಕಿತ್ತಾ?"

"ಗೊತ್ತಿಲ್ಲ ಸಾರ್. ಅದನ್ನೇ ಅಲ್ವಾ ನಾನು ಯೋಚನೆ ಮಾಡುತ್ತಾ ಇದ್ದದ್ದು." ಬಾಗಿಲಲ್ಲಿ ನಿಂತಿದ್ದ ಮಗಳತ್ತ ತೋರಿಸಿ, "ನಿನ್ನೆ ಇವಳಿಗೆ ಓದಿ ಹೇಳಿದೆ. ಆಗ ನನ್ನ ಬಾಯಿಗೆ ಆ ಮಾತು ಬರಲೇ ಇಲ್ಲ. ಕನ್ನಡದಲ್ಲಿ ಬರೆದದ್ದು ತುಳುವಿನಲ್ಲಿ ಹೇಳಲಿಕ್ಕೆ ಕಷ್ಟ ಆಯ್ತು. ಇವಳೇ ಕಸಿದು ಓದಿದಳು," ಎಂದರು.

ಪ್ರತಿಮಾ ಅಲ್ಲಿಂದಲೇ ನನ್ನನ್ನು ನೋಡಿದಳು.

ಸುಮತಿ ಹೊಸ ಇನ್‌ಲ್ಯಾಂಡ್ ತೆಗೆದರು. "ನೀವು ಹೊರಗೆ ಕೂತುಕೊಳ್ಳಿ," ಎಂದರು. ಜಗಲಿಯಲ್ಲಿ ಕೂತೆ. ಒಳಗಿಂದ ಗೊಣಗಾಟವೂ ಕೇಳಲಿಲ್ಲ. ಹೊರಗೆ ಬಂದು ಕಾಗದ ನನ್ನ ಕೈಗೆ ಕೊಟ್ಟರು: "ಕನ್ನಡ ಸರಿ ಉಂಟಾ ನೋಡಿ. ಬೇರೆ ಎಂತದೂ ನೋಡಬೇಡಿ."

ಅದು ಹೇಗೆ ಸಾಧ್ಯವೆಂದು ತಿಳಿಯಲಿಲ್ಲ. ಓದಿದೆ. 'ಪ್ರತಿಮಾಳನ್ನು ಈ ವರ್ಷ ಕಳುಹಿಸುವುದಿಲ್ಲ. ಇಲ್ಲಿಯೇ ಕಾಲೇಜಿಗೆ ಸೇರಿಸುತ್ತೇನೆ. ನೀವು ಬೇಸರ ಮಾಡಬಾರದು.' ಎಲ್ಲಿಯೂ ಹೊಡೆದುಹಾಕಿದ ಗುರುತಿಲ್ಲ. ನಾನು ಎದುರು ನಿಂತು ತಪ್ಪೊಪ್ಪಿಕೊಂಡದ್ದು ಸುಮತಿಯವರಿಗೆ ಇನ್ನೊಂದು ಹೇಳಿಕೊಡುವಿಕೆಯಾಗಿ ಕೇಳಿಸಿತೋ ಏನೋ. ಅದನ್ನು ಕೇಳುವ ಧೈರ್ಯ ಬರಲಿಲ್ಲ. ಸರಿ ಇದೆ ಎಂದೆ.

ಅಂಟಿಸಿದ ಕಾಗದವನ್ನು ಸುಮತಿ ಮಗಳ ಕೈಗೆ ಕೊಟ್ಟು, ಸಾರನ್ನು ಬಸ್ಸಿನ ತನಕ ಬಿಟ್ಟು ಅದನ್ನೂ ಹಾಕಿ ಬಾ ಎಂದರು. ಹುಡುಗಿ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಹೆದ್ದಾರಿಯ ಬದಿಯ ಪೆಟ್ಟಿಗೆಯಲ್ಲಿ ಕಾಗದ ಹಾಕಿ, ಒಳಗೆ ಬಿತ್ತೇ ಎಂದು ಕೈಯಾಡಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ಬರೆಯುವವರನ್ನು ನೋಡಲಿಕ್ಕೆ ಬಂದದ್ದಲ್ವಾ ಸಾರ್?"

"ಹೌದು."

"ಹಾಗಾದರೆ ಬರೀ ನೋಡಿ ಹೋಗಬೇಕಿತ್ತು. ನಿನ್ನೆ ಒಂದು ಹೇಳಿದ್ದು, ಇವತ್ತು ಬಂದು ಇನ್ನೊಂದು. ನಾನು ಫ್ರೆಂಡ್ಸಿಗೆಲ್ಲ ಬೊಂಬಾಯಿಗೆ ಹೋಗುತ್ತೇನೆ ಅಂತ ಹೇಳಿ ಆಯ್ತು. ನಿಮ್ಮ ಕಾಗದವೇ ಒಳ್ಳೆದಿತ್ತು."

ಅವಳಿಗೂ ಒಂದು ಬೇಕು ಬೇಡ ಇದೆ ಎಂದು ಎರಡು ದಿನದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಮ್ಮನಿಗೆ ಹೇಳಿದೆಯಾ ಎಂದು ಕೇಳಬಹುದಿತ್ತು. ಅಷ್ಟರಲ್ಲಿ ಉಡುಪಿಯ ಬಸ್ಸು ಬಂತು. "ಹತ್ತಿ ಸಾರ್, ಹಿಂದೆ ಸೀಟು ಉಂಟು," ಎಂದಳು, ಸಿಟ್ಟಿನಲ್ಲೇ. ಹತ್ತಿದೆ. ಸೀಟು ಸಿಕ್ಕಿತು. ಕಿಟಕಿಯಿಂದ ನೋಡಿದಾಗ ಅವಳು ಪೆಟ್ಟಿಗೆಯ ಪಕ್ಕದಲ್ಲೇ ನಿಂತು, ಅದರ ಮೇಲೆ ಬರೆದಿದ್ದ ಮುಂದಿನ ಟಪ್ಪಾಲು ತೆಗೆಯುವ ಸಮಯವನ್ನು ಓದುತ್ತಿದ್ದಳು.