ಎಡಗಡೆ ಗಾಲಿಯ ಅಳು

ಅಂಬಿಕಾನಗರದಲ್ಲಿ ಪವರ್ ಹೌಸ್ ಡ್ಯೂಟಿ ಮುಗಿದರೆ ನನಗೊಂದೇ ಹುಚ್ಚು: ಟಾರ್ಚ್ ಹಾಕಿದರೆ ಬೆಳಕಿನ ಹಿಂದೆ ತಾನಾಗಿ ಬರುವ ಪುಟ್ಟ ಗಾಡಿ ಮಾಡುವುದು. ಮಾಡಿದೆ. ಹಾಳಾದ್ದು ಬೆಳಕು ಬಿಟ್ಟು ಎಡಕ್ಕೇ ಎಳೆಯುತ್ತಿತ್ತು. ತಿಂಗಳಿಡೀ ಟ್ರಾನ್ಸಿಸ್ಟರ್ ಬದಲಿಸಿದೆ.

ಒಂದು ಭಾನುವಾರ ಮನೆಗೆ ಬಂದ ನಮ್ಮ ಟರ್ಬೈನ್ ಫಿಟ್ಟರ್ ಬಸಪ್ಪ, ಗಾಲಿ ತಿರುಗುತ್ತಿದ್ದ ಗಾಡಿಗೆ ಉದ್ದ ಸ್ಕ್ರೂಡ್ರೈವರಿನ ತುದಿ ಹಚ್ಚಿ, ಹಿಡಿಕೆಗೆ ಕಿವಿಗೊಟ್ಟು ಕಣ್ಣು ಮುಚ್ಚಿದರು.

"ಸಾಹೇಬ್ರ, ಎಡಗಡೆ ಗಾಲಿ ಅಳಾಕತ್ತೈತಿ. ಏನೋ ಸುತ್ಕೊಂಡೈತಿ, ಬಿಚ್ಚರಿ."

ಬಿಚ್ಚಿದೆ. ಅಚ್ಚಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು, ನನ್ನ ಹೆಂಡತಿಯ ಒಂದು ಉದ್ದ ಕೂದಲು! ದಿನವಿಡೀ ಟರ್ಬೈನ್ ಗರ್ಜನೆ ಕೇಳುವ ಕಿವಿಗೆ ಕೂದಲು ಕೇಳಿಸಿತ್ತು.

ಆಸೆಯಿಂದ ನಾನೂ ಸ್ಕ್ರೂಡ್ರೈವರ್ ಹಿಡಿದು ಹಿಡಿಕೆಗೆ ಕಿವಿಯಿಟ್ಟೆ.

"ಏನರ ಕೇಳಸ್ತರೀ?"

"ಹೂಂ, ಸಣ್ಣಗೆ ಟಿಕ್ ಟಿಕ್ ಅಂತದ," ಅಂದೆ.

ಬಸಪ್ಪ ಮೆಲ್ಲಗೆ ನನ್ನ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.