ಸಿದ್ದಮ್ಮನ ಹೆಸರಿನ ಹಲಗೆ

ಹೋದ ವರ್ಷ ಯುಗಾದಿಗೆ ಇನ್ನೆರಡು ವಾರ ಇದ್ದಾಗಿನ ಮಾತು. ನಾಸಿಕ್‌ನಲ್ಲಿ ನನ್ನದೊಂದು ಚಿಕ್ಕ ಕಾರ್ಖಾನೆ ಇದೆ. ಮರದ ನಾಮಫಲಕ ಮಾಡುತ್ತೇನೆ. ಅಪ್ಪ ಉಳಿ ಹಿಡಿದು ಕೆತ್ತುತ್ತಿದ್ದ ಜಾಗದಲ್ಲಿ ಈಗ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರ ಕೂತಿದೆ. ಪರದೆಯ ಮೇಲೆ ಅಕ್ಷರ ಜೋಡಿಸಿ, ಎಷ್ಟು ಆಳ ಎಂದು ಹೇಳಿ ಬಟನ್ ಒತ್ತಿದರೆ ಆಯಿತು, ತಿರುಗುವ ಉಕ್ಕಿನ ಮೊನೆ ಹಲಗೆಯ ಮೇಲೆ ಓಡಾಡಿ ಕೆತ್ತಿಬಿಡುತ್ತದೆ.

ಅವತ್ತು ಬಂದವರು ಮರೆಪ್ಪ, ಐವತ್ತರ ಆಸುಪಾಸಿನ, ಮನೆ ಕಟ್ಟುವ ಗವಂಡಿ. ಮೊದಲು ಹಿಂದಿಯಲ್ಲೇ ಮಾತಾಡಿದರು. ನಾನು ಫೋನಿನಲ್ಲಿ ಅಪ್ಪನ ಜೊತೆ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದೊಡನೆ ಅವರ ಮುಖ ಅರಳಿತು.

"ನಿಮ್ದು ಯಾವೂರು ತಂಗಿ?"

"ಹುಮನಾಬಾದ್ ರಿ ಕಾಕಾ. ನಾ ಹುಟ್ಟಿದ್ದು ಇಲ್ಲೇ."

"ನಮ್ದು ಶಹಾಪುರ ಕಡಿ. ಇಪ್ಪತ್ತೆರಡು ವರ್ಷ ಮಂದಿ ಮನಿ ಕಟ್ಟೀನಿ. ಈಗ ಇಲ್ಲೇ ಹತ್ತಿರ ಓಝರ್‌ದಾಗ ನಮ್ದೇ ಎರಡು ಖೋಲಿ ಆಗ್ಯಾವ. ಬಾಗಿಲಕ್ಕ 'ಸಿದ್ದಮ್ಮನ ಮನೆ' ಅಂತ ಕನ್ನಡದಾಗ ಪಾಟಿ ಹಾಕ್ಬೇಕು. ನಮ್ಮ ಮನ್ಯಾಕಿಗಿ ಹೇಳಿಲ್ಲ. ಬ್ಯಾರೆ ಅಂಗಡ್ಯಾಗ ಅಕ್ಷರ ತಪ್ ಮಾಡ್ತಾರಂತ ಅಂಜಿಕಿತ್ತು, ನಂಗ ಓದ್ಲಾಕ ಬರಲ್ಲ. ನೀವು ನಮ್ಮವ್ರೇ ಇದ್ದೀರಿ, ಇನ್ನ ಚಿಂತಿಲ್ಲ."

ಕನ್ನಡ ಓದಲು ನನಗೂ ಬರುತ್ತಿರಲಿಲ್ಲ. ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಆಗಲೇ ಹೇಳಬೇಕಿತ್ತು. ಅಷ್ಟು ನಂಬಿಕೆಯ ಮುಖದೆದುರು ಬಾಯಿ ಬರಲಿಲ್ಲ.

ಫೋನಿಗೆ ಬಾಯಲ್ಲಿ ಹೇಳಿದೆ, ಅದು ಬರೆದುಕೊಟ್ಟಿತು. ಅದನ್ನೇ ಕಂಪ್ಯೂಟರಿಗೆ ಹಾಕಿದೆ. ಪರದೆಯ ಮೇಲೆ ಅಕ್ಷರಗಳು ಫೋನಿನಲ್ಲಿದ್ದುದಕ್ಕಿಂತ ಸ್ವಲ್ಪ ಬೇರೆಯಾಗಿ ಕಂಡವು. ಫಾಂಟ್ ಬೇರೆ ಇರಬೇಕು ಅಂದುಕೊಂಡೆ. ಮದುವೆಯೊಂದಕ್ಕೆ ಊರಿಗೆ ಹೋಗಿದ್ದ, ಕನ್ನಡ ಓದಬಲ್ಲ ಅಪ್ಪನಿಗೆ ಒಂದು ಫೋಟೋ ಕಳಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಒಳ್ಳೆಯ ಸಾಗವಾನಿ ಹಲಗೆ ಆರಿಸಿ, ಸುತ್ತ ಬಳ್ಳಿ ಬಿಡಿಸಿ, ಮನಸ್ಸಿಟ್ಟು ಕೆತ್ತಿದೆ.

ಗೃಹಪ್ರವೇಶದ ದಿನ ಹಲಗೆಯನ್ನು ನಾನೇ ಒಯ್ದೆ. ಮರೆಪ್ಪ ಅದನ್ನು ಬಾಗಿಲ ಪಕ್ಕ ಹಾಕಿ ಹೆಂಡತಿಯನ್ನು ಕರೆದರು. ಸಿದ್ದಮ್ಮ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು, ಅಕ್ಷರಗಳ ಮೇಲೆ ಬೆರಳಾಡಿಸಿದರು. ಬೆರಳು ನಡುವೆ ಒಮ್ಮೆ ನಿಂತಿತು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ಭಾಳ ಚಂದ ಆಗ್ಯದ ತಂಗಿ."

ಸ್ವಲ್ಪ ಹೊತ್ತಿಗೆ ಬೀದರ್ ಕಡೆಯ ನೌಕರಸ್ಥರೊಬ್ಬರು ಊಟಕ್ಕೆ ಬಂದರು. ಹಲಗೆ ನೋಡಿ ಜೋರಾಗಿ ನಕ್ಕರು.

"ಏನ್ ಮರೆಪ್ಪ ಇದು? ಸಿದ್‌ದಮ್‌ಮ! ಒತ್ತಕ್ಷರ ಎಲ್ಲಾ ಒಡದು ಪಕ್ಕಕ್ಕ ಹಾಕ್ಯಾರಲ್ಲೊ!"

ಮರೆಪ್ಪನ ಮುಖ ಬಾಡಿಹೋಯಿತು. ನಾನು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಮರಳಿ ಇಟ್ಟೆ. ಅಷ್ಟರಲ್ಲಿ ಸಿದ್ದಮ್ಮ ಒಳಗಿನಿಂದಲೇ ಕೂಗಿ ಹೇಳಿದರು: "ಸರೀನೇ ಅದರಿ ಅಣ್ಣಾರ. ಈಗಿನ ಹೊಸ ಅಕ್ಷರ ಹಂಗೇ ಇರ್ತಾವ. ನಾ ಐದ್ನೇತ್ತ ಓದೀನಿ, ನಂಗ ಗೊತ್ತಿಲ್ಲೇನ್ರಿ?"

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲರೆದುರೇ ಹೇಳಿಬಿಟ್ಟೆ: "ತಪ್ಪ್ ನಂದೇ ರಿ ಕಾಕಾ. ನಂಗ ಕನ್ನಡ ಓದ್ಲಾಕ ಬರಲ್ಲ. ಹೇಳ್ಲಾಕ ನಾಚ್ಕಿ ಆಯ್ತು." ಹೇಳುವಷ್ಟರಲ್ಲಿ ಅಳು ಬಂದಿತ್ತು.

ಸಿದ್ದಮ್ಮ ಹೊರಗೆ ಬಂದು ನನ್ನ ಕೈ ಹಿಡಿದು ಒಳಗೆ ಕರೆದೊಯ್ದು, ಒಂದು ಹಾಳೆ, ಪೆನ್ಸಿಲ್ ತರಿಸಿದರು. ಇಟ್ಟಿಗೆ ಹೊತ್ತು ಗಟ್ಟಿಯಾದ ಬೆರಳು. ಬರೆದು ವರ್ಷಗಳೇ ಆಗಿದ್ದವಂತೆ. ತುಟಿ ಕಚ್ಚಿಕೊಂಡು, ನಿಧಾನವಾಗಿ 'ಸಿದ್ದಮ್ಮನ ಮನೆ' ಎಂದು ಬರೆದರು.

"ನೋಡವ್ವ, ಒತ್ತು ಅಂದ್ರ ಸಣ್ಣ ಕೂಸು ಇದ್ದಂಗ. ಪಕ್ಕಕ್ಕ ಬಿಡಬಾರ್ದು, ಹಿಂಗ ಕೆಳಗ ಕೂಡಿಸ್ಕೋಬೇಕು."

ಆ ಹಾಳೆಯನ್ನು ಬೇಡಿ ತಂದೆ. ಕಾರ್ಖಾನೆಯಲ್ಲಿ ಅದರ ಫೋಟೋ ತೆಗೆದು, ಅವರ ಒಂದೊಂದು ಗೆರೆಯ ಮೇಲೂ ಕಂಪ್ಯೂಟರಿನಲ್ಲಿ ಗೆರೆ ಎಳೆದೆ. ಯಾವುದನ್ನೂ ನೇರ ಮಾಡಲಿಲ್ಲ. 'ದ್ದ' ಬಲಕ್ಕೆ ವಾಲಿತ್ತು, ಕೊನೆಯ 'ನೆ' ಜಾಗ ಸಾಲದೆ ಚಿಕ್ಕದಾಗಿತ್ತು. ಇದ್ದದ್ದು ಇದ್ದ ಹಾಗೆಯೇ ಹೊಸ ಹಲಗೆಯಲ್ಲಿ ಕೆತ್ತಿಸಿದೆ.

ಮುಂದಿನ ವಾರ ಒಯ್ದಾಗ ಸಿದ್ದಮ್ಮ ಬಹಳ ಹೊತ್ತು ನೋಡಿದರು. "ಇದು ನನ್ನ ಕೈಯಕ್ಷರ ಅಲ್ಲೇನು!" ಅಂದರು. ಮರೆಪ್ಪ ಹಲಗೆಯನ್ನು ಮಟ್ಟ ಇಟ್ಟು ನೋಡಿ ನೋಡಿ ಗೋಡೆಗೆ ಕೂಡಿಸಿದರು. ಮೊದಲಿನ ಹಲಗೆ ಎಸೆಯಲು ಸಿದ್ದಮ್ಮ ಬಿಡಲಿಲ್ಲ. ಅಡುಗೆ ಖೋಲಿಯಲ್ಲಿ ಡಬ್ಬಿ ಇಡಲು ಹಾಕಿಸಿಕೊಂಡರು.

ಈಗ ಪ್ರತಿ ಭಾನುವಾರ ಓಝರ್‌ಗೆ ಹೋಗಿ ಅವರ ಹತ್ತಿರ ಕನ್ನಡ ಕಲಿಯುತ್ತೇನೆ. ಈ ಬರಹ ನಾನೇ ಬರೆದದ್ದು, ತಪ್ಪಿದ ಕಡೆ ತಿದ್ದಿದವರು ಅವರು.

ಅವತ್ತು ಅಷ್ಟು ಜನರೆದುರು ಯಾಕೆ ಸುಳ್ಳು ಹೇಳಿದಿರಿ ಎಂದು ಒಮ್ಮೆ ಕೇಳಿದೆ. ರೊಟ್ಟಿ ಬಡಿಯುತ್ತಲೇ ಅಂದರು: "ಹೆಸರು ಮತ್ತೊಮ್ಮೆ ಕೆತ್ತಬಹುದವ್ವ. ಹೊಸ ಮನಿಗಿ ಮೊದಲನೇ ಸಲ ಬಂದ ಹುಡುಗಿ ಅಳ್ಕೋತ ಹೋದ್ರ ನಾ ಏನ್ ಮಾಡ್ಲಿ?"

ಗುರುತೇ ಇಲ್ಲದ ಹುಡುಗಿಯೊಬ್ಬಳಿಗಾಗಿ, ತಮ್ಮ ಬಾಳಿನ ಅಷ್ಟು ದೊಡ್ಡ ದಿನ, ತಮ್ಮದೇ ಹೆಸರು ಒಡೆದದ್ದನ್ನು ಸರಿ ಎಂದವರು ಅವರು.