ಮೂರು ಮೆಟ್ಟಿಲಿನ ಅರ್ಜಿ

ವಾಣಿಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುತ್ತಿರಲಿಲ್ಲ, ಇಳಿಜಾರುಗಳ ಮೇಲಂತೂ ಮೊದಲೇ ಇಲ್ಲ. ಮೂರನೇ ವರ್ಷದಲ್ಲಿ ಪೋಲಿಯೋ ಅವಳ ಎರಡೂ ಕಾಲಿನ ಬಲ ಕಿತ್ತುಕೊಂಡಿತ್ತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಲೇ ಬೆಳೆದವಳು, ಇಪ್ಪತ್ತಕ್ಕೆ ಮೊದಲ ಅರ್ಜಿ ಬರೆದಳು. ಅಂಚೆ ಕಚೇರಿಗೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ಮಾಡಿಕೊಡಿ ಎಂದು. ಈಗ ಐವತ್ತರ ಹತ್ತಿರ. ಬ್ಯಾಂಕು, ಕಚೇರಿ, ಹೆಣ್ಣುಮಕ್ಕಳ ಶಾಲೆ, ಬಸ್ ನಿಲ್ದಾಣದ ಶೌಚಾಲಯ, ಅವಳು ಬೆನ್ನು ಹತ್ತದ ಕಟ್ಟಡವೇ ಊರಲ್ಲಿ ಉಳಿದಿಲ್ಲ.

ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಒಂದು ಕಚೇರಿಯವರು ಇಳಿಜಾರು ಕಟ್ಟಿಸಿ, ತುದಿಗೆ ಗೇಟು ಹಾಕಿ ಬೀಗ ಜಡಿದರು. ಇನ್ನೊಂದು ಕಡೆ ಅದರ ಮೇಲೆ ಹೂಕುಂಡ ಸಾಲಾಗಿಟ್ಟರು. ಮತ್ತೊಂದು ಎಷ್ಟು ಕಡಿದಾಗಿತ್ತೆಂದರೆ, ಉದ್ಘಾಟನೆಗೆ ಬಂದ ಸಾಹೇಬರೇ ಗೋಡೆ ಹಿಡಿದು ಇಳಿದರು. ಅಲ್ಲಿಂದಾಚೆಗೆ ವಾಣಿ ಅಳತೆಗೆ ದಾರ ಇಟ್ಟುಕೊಂಡೇ ಹೋಗುತ್ತಿದ್ದಳು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಕಮ್ಮಿ ಬಂದರೆ ಮತ್ತೊಂದು ಅರ್ಜಿ. ಸನ್ಮಾನಕ್ಕೆ ಮೂರು ಸಲ ಕರೆದರೂ ಹೋಗಲಿಲ್ಲ. ಶಾಲು ಹೊದಿಸುವುದೇ ಬಾಯಿ ಮುಚ್ಚಿಸುವುದಕ್ಕೆ ಎಂದಳು.

ಇಷ್ಟೆಲ್ಲ ಮಾಡಿದವಳ ಸ್ವಂತ ಮನೆಗೆ ಮೂರು ಮೆಟ್ಟಿಲು. ದಿನಾ ಕೈಯೂರಿ, ಕೂತಲ್ಲೇ ಜರುಗಿಕೊಂಡು ಇಳಿದು, ಅಂಗಳದಲ್ಲಿದ್ದ ಗಾಲಿಕುರ್ಚಿ ಏರುತ್ತಿದ್ದಳು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಂಥ ಮನೆಯ ಮುಂದೆ ಒಂದು ಸೋಮವಾರ ಇಟ್ಟಿಗೆ ಬಿತ್ತು. ತಮ್ಮ ಚೌಡೇಶ, ಗಾರೆ ಕೆಲಸದ ಪಿಳ್ಳಣ್ಣನನ್ನು ಕರೆಸಿ ಇಳಿಜಾರು ಕಟ್ಟಿಸತೊಡಗಿದ. ವಾಣಿ ಕಿಟಕಿಯಿಂದ ನೋಡಿದಳೇ ಹೊರತು ಏನೂ ಕೇಳಲಿಲ್ಲ. ಅಪ್ಪ ಹೋದ ಮೇಲೆ ಮನೆ ಇಬ್ಬರ ಹೆಸರಿಗೂ ಆಗಿದೆ, ಇವನಿಗೆ ಯಾವುದೋ ಕಾಗದಕ್ಕೆ ಸಹಿ ಬೇಕಾಗಿರಬೇಕು ಎಂದುಕೊಂಡಳು. ತಮ್ಮನ ಹೆಂಡತಿ ರೂಪ ಅವತ್ತು ಕಾಫಿಯನ್ನು ಬಿಸಿಬಿಸಿಯಾಗಿಯೇ ತಂದುಕೊಟ್ಟಳು. ವಾಣಿಗೆ ಅದೂ ಅನುಮಾನವೇ.

ಮರುದಿನ ಸಂಜೆ ಯಾರೂ ಇಲ್ಲದಾಗ ಅಳೆದಳು. ಎತ್ತರ ಒಂದೂವರೆ ಅಡಿ, ಉದ್ದ ಹದಿನೆಂಟು. ಸರ್ಕಾರದ ಕೈಲಿ ಮೂವತ್ತು ವರ್ಷ ಆಗದ್ದನ್ನು ತಮ್ಮ ಎರಡು ದಿನದಲ್ಲಿ ಮಾಡಿದ್ದ. ಒಳಗೊಳಗೇ ಹಿಗ್ಗಿದಳು, ಅದನ್ನು ಮುಚ್ಚಿಡುವುದೇಕೆ. ಆದರೆ ಕಾರಣ ತಿಳಿಯುವವರೆಗೆ ಅದರ ಮೇಲೆ ಗಾಲಿ ಇಡುವುದಿಲ್ಲವೆಂದು ಹಟ ಹಿಡಿದಳು.

ಗುರುವಾರ ಲಾರಿ ಬಂತು. ಚೌಡೇಶ ತರಿಸಿದ್ದ ಸೂರತ್ತಿನ ಹೊಸ ಮಗ್ಗ, ಗಾಲಿ ಹಲಗೆಯ ಮೇಲೆ ಕೂತು, ಆ ಇಳಿಜಾರಿನಲ್ಲಿ ಸಲೀಸಾಗಿ ಉರುಳಿಕೊಂಡು ಒಳಗೆ ಹೋಯಿತು. ಮಗ್ಗ ಹಿಂದಕ್ಕೆ ಜಾರಬಾರದೆಂದು ಅಳತೆ ಕೊಟ್ಟಿದ್ದವರು ಅದನ್ನು ಮಾರಿದವರೇ. ಶನಿವಾರ ಪಿಳ್ಳಣ್ಣ ಹಾರೆ ಹಿಡಿದು ಬಂದ. ಮಗ್ಗ ಒಳಗೆ ಹೋಗಿಯಾಯಿತು, ಚೌಡೇಶನ ಕಾರು ನಿಲ್ಲಿಸಲು ಜಾಗ ಬೇಕಂತೆ, ಇಳಿಜಾರು ಒಡೆಯಬೇಕಂತೆ.

ವಾಣಿ ಏನೇನೋ ಅನುಮಾನಪಟ್ಟಿದ್ದಳು, ಇದೊಂದನ್ನು ಬಿಟ್ಟು. ಹೊಸ್ತಿಲವರೆಗೆ ಜರುಗಿ ಬಂದು ತಮ್ಮನನ್ನು ಕರೆದಳು.

"ಮಗ್ಗದೋರು ಇದನ್ನ ಎಷ್ಟು ಸಲ ಕೇಳಿದ್ರೋ?"

"ಒಂದ್ಸಲ ಕಣಕ್ಕಾ."

"ನಾನು ಇಷ್ಟು ವರ್ಷದಿಂದ ನಿನ್ ಕಣ್ಣಿಗೆ ಬೀಳ್ಲೇ ಇಲ್ವಾ?"

ಚೌಡೇಶ ತಲೆ ತಗ್ಗಿಸಿದ. "ನೀನು ಯಾವತ್ತೂ ಕೇಳ್ಲಿಲ್ವಲ್ಲಕ್ಕಾ. ಊರಿಗೆಲ್ಲ ಅರ್ಜಿ ಬರೀತೀಯ. ಮನೇಲಿ ನಿಂಗೆ ಬೇಡ್ವೇನೋ ಅಂದ್ಕೊಂಡ್ಬಿಟ್ಟೆ."

ಕಣ್ಣಿದ್ದವನನ್ನು ಬಾಯಿಬಿಟ್ಟು ಬೇರೆ ಕೇಳಬೇಕೇ ಎಂದು ವಾಣಿಗೆ ಸಿಟ್ಟು ಬಂತು. ಆದರೆ ಅವನ ಮಾತು ಸುಳ್ಳಾಗಿರಲಿಲ್ಲ. ಸರ್ಕಾರ ಆಗದೆಂದರೆ ಮೇಲಿನವರಿಗೆ ಬರೆಯಬಹುದು, ಮನೆಯವರೇ ಆಗದೆಂದರೆ ಯಾರಿಗೆ ಬರೆಯುವುದು? ಆ ಹೆದರಿಕೆಗೇ ಅವಳು ಕೇಳಿರಲಿಲ್ಲ. ಊರನ್ನೆಲ್ಲ ಹಿಡಿದು ನಿಲ್ಲಿಸಿ ಕೇಳಿದವಳು ತಮ್ಮನನ್ನು ಒಂದು ಸಲವೂ ನಂಬಿ ನೋಡಿರಲಿಲ್ಲ.

ಪಿಳ್ಳಣ್ಣ ಹಾರೆ ಊರಿಕೊಂಡು ಕಾಯುತ್ತಿದ್ದ. ವಾಣಿ ತಮ್ಮನ ಕಡೆ ತಿರುಗಿದಳು.

"ಈಗ ಕೇಳ್ತಾ ಇದೀನಿ ಚೌಡೇಶ. ಇದು ನಂಗೆ ಬೇಕು."

ಚೌಡೇಶ ಪಿಳ್ಳಣ್ಣನ ಕೈಯಿಂದ ಹಾರೆ ಇಸಿದುಕೊಂಡು ಗೋಡೆಗೆ ಒರಗಿಸಿದ. ಆಮೇಲೆ ಅಂಗಳದಲ್ಲಿದ್ದ ಗಾಲಿಕುರ್ಚಿಯನ್ನು ಇಳಿಜಾರಿನ ಮೇಲೆ ತಾನೇ ತಳ್ಳಿಕೊಂಡು ಹೊಸ್ತಿಲವರೆಗೂ ತಂದ.